ಸೇತುವೆ ಯಾಕೆ ಬೀಳಲ್ಲ ಸಾರ್?

ಕಪಿಲೆ, ಕಾವೇರಿ ತೀರದ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಎಂಜಿನಿಯರಿಂಗ್ ಪಾಠ ಹೊಳೆಯ ಮೇಲಿದೆ, ಗುಡಿಯ ಚಾವಣಿಯಲ್ಲಿದೆ, ತೇರಿನ ಬೀದಿಯಲ್ಲಿದೆ. ಮಕ್ಕಳ ವಿಜ್ಞಾನ ಮೇಳಗಳು ಥರ್ಮಾಕೋಲ್ ಬಿಟ್ಟು ಅತ್ತ ತಿರುಗಿ ನೋಡಬೇಕಷ್ಟೆ.

ಮೈಸೂರಿನಿಂದ ನಂಜನಗೂಡಿಗೆ ಬರುವವರಿಗೆ ಶ್ರೀಕಂಠೇಶ್ವರನ ಗೋಪುರಕ್ಕಿಂತ ಮೊದಲು ಎದುರಾಗುವುದು ಕಪಿಲೆಯ ಮೇಲಿನ ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಸುಮಾರು 225 ಮೀಟರ್ ಉದ್ದಕ್ಕೆ ಕಮಾನುಗಳ ಸಾಲು. ಕಟ್ಟಿದ ಕಾಲಕ್ಕೆ ಅದು ಹೊರಬೇಕಿದ್ದದ್ದು ಎತ್ತಿನ ಗಾಡಿಯನ್ನು, ಕುದುರೆಯನ್ನು, ಬುತ್ತಿ ಕಟ್ಟಿಕೊಂಡು ನಡೆದು ಬರುವ ಯಾತ್ರಿಕರನ್ನು. ಒಂದೂವರೆ ಶತಮಾನ ದಾಟಿದ ಮೇಲೆ ಅದೇ ಸೇತುವೆಯ ಮೇಲೆ ಮೀಟರ್ ಗೇಜ್ ಹಳಿ ಹಾಸಿದರು. 2007ರಲ್ಲಿ ಬ್ರಾಡ್ ಗೇಜ್ ಕೆಲಸಕ್ಕೆಂದು ನಿಲ್ಲಿಸುವವರೆಗೂ ಅದರ ಮೇಲೆ ರೈಲು ಓಡಿತು. ರೈಲು ಹೊತ್ತ ಸೇತುವೆಗಳಲ್ಲಿ ದೇಶದಲ್ಲೇ ಅತ್ಯಂತ ಹಳೆಯದೆಂದು ಇದಕ್ಕೆ ಹೆಸರು.

ಎಂಟನೇ ತರಗತಿಯ ಮಕ್ಕಳನ್ನು ಬೇಸಿಗೆಯಲ್ಲಿ ಇದರ ಪಕ್ಕ ನಿಲ್ಲಿಸಿ ನೋಡಿ. ‘ಯಾರು ಕಟ್ಟಿಸಿದ್ದು?’ ಎಂದು ಮೇಷ್ಟ್ರು ಕೇಳುತ್ತಾರೆ. ‘ಇದು ಯಾಕೆ ಬೀಳಲ್ಲ ಸಾರ್?’ ಎಂದು ಮಕ್ಕಳು ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಒಂದೇ ಸಾಲು. ಎರಡನೆಯದಕ್ಕೆ ಕಲ್ಲಿನ ಸ್ವಭಾವ ಗೊತ್ತಿರಬೇಕು. ಕಲ್ಲು ಅದುಮಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಉದ್ದನೆಯ ಚಪ್ಪಡಿಯನ್ನು ಎರಡು ಕಂಬದ ಮೇಲಿಟ್ಟು ನಡುವೆ ಭಾರ ಹೇರಿದರೆ ಚಪ್ಪಡಿಯ ಕೆಳಮೈ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಕಮಾನಿನಲ್ಲಿ ಆ ಎಳೆತಕ್ಕೆ ಎಡೆ ಕಡಿಮೆ. ಮೇಲಿನ ಭಾರ ಕಲ್ಲಿನಿಂದ ಕಲ್ಲಿಗೆ ದಾಟುತ್ತ ಕಂಬದ ಬುಡಕ್ಕೆ ಇಳಿಯುತ್ತದೆ. ಭಾರ ಬಿದ್ದಂತೆ ಕಲ್ಲುಗಳು ಒಂದನ್ನೊಂದು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಜೊತೆಗೆ ಇಲ್ಲಿ ಕಂಬಗಳು ದಪ್ಪ, ಅವುಗಳ ನಡುವಿನ ಅಂತರ ಕಿರಿದು. ಗಾಡಿಗೆಂದು ಕಟ್ಟಿದ್ದು ರೈಲನ್ನು ಹೊತ್ತದ್ದರ ಗುಟ್ಟು ಇಷ್ಟೇ.

ಇಷ್ಟನ್ನು ಮಗುವಿಗೆ ಬಾಯಲ್ಲಿ ಹೇಳಿದರೆ ಸಂಜೆಯೊಳಗೆ ಮರೆಯುತ್ತದೆ. ಏಳು ಮರದ ತುಂಡುಗಳನ್ನು ಓರೆಯಾಗಿ ಕೊರೆದು ಕೊಟ್ಟು, ‘ಗೋಂದು ಹಾಕದೆ ಕಮಾನು ನಿಲ್ಲಿಸು’ ಎಂದರೆ ಮರೆಯುವುದಿಲ್ಲ. ಮಕ್ಕಳಿಗೆಂದು ನಡೆಸುವ ವಿಜ್ಞಾನ, ಎಂಜಿನಿಯರಿಂಗ್ ಉತ್ಸವಗಳನ್ನೆಲ್ಲ ಅಳೆಯಲು ಈ ಒಂದು ವ್ಯತ್ಯಾಸ ಸಾಕು ಎನ್ನುವುದು ಈ ಲೇಖನದ ವಾದ.

ಹಾರ ಹಾಕಿದ ಮೇಲೆ?

ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. 1968ರಿಂದ ದೇಶ ಅದನ್ನು ಎಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ. ಹಳೇ ಮೈಸೂರು ಸೀಮೆಯಲ್ಲಿ ಅದು ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಪಟಕ್ಕೆ ಹಾರ, ದೀಪ ಬೆಳಗುವುದು, ನಿವೃತ್ತ ಎಂಜಿನಿಯರುಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತ ಮಕ್ಕಳಿಗೆ ಎರಡು ಮೇಣದಬತ್ತಿಯ ಕಥೆ: ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತಕ್ಕೆ ಸ್ವಂತದ ಬತ್ತಿ. ಕಥೆ ಒಳ್ಳೆಯದೇ. ಆದರೆ ಅದನ್ನು ಕೇಳಿ ಮನೆಗೆ ಹೋದ ಮಗುವಿಗೆ ವಿಶ್ವೇಶ್ವರಯ್ಯ ಪ್ರಾಮಾಣಿಕರು ಎಂದು ತಿಳಿದಿರುತ್ತದೆ. ಅವರು ಎಂಜಿನಿಯರಾಗಿ ಏನು ಮಾಡಿದರು ಎನ್ನುವುದು ತಿಳಿದಿರುವುದಿಲ್ಲ.

ಅವರು ಮಾಡಿದ್ದರಲ್ಲಿ ಒಂದನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರ ವಿನ್ಯಾಸದ ಸ್ವಯಂಚಾಲಿತ ಗೇಟುಗಳು ಬಂದವು. ನೀರು ನಿಗದಿತ ಮಟ್ಟ ದಾಟಿದರೆ ಗೇಟು ತಾನೇ ತೆರೆಯಬೇಕು, ಇಳಿದರೆ ತಾನೇ ಮುಚ್ಚಬೇಕು. ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಿ ಗೇಟು ಎತ್ತುವ ಹಾಗಿಲ್ಲ. ಭಾರ, ಎದುರುಭಾರ, ನೀರಿನ ಒತ್ತಡ ಇವುಗಳ ಲೆಕ್ಕ ಅಷ್ಟೇ. ಒಂದು ಪ್ಲಾಸ್ಟಿಕ್ ತೊಟ್ಟಿ, ಎರಡು ರಾಟೆ, ಒಂದು ಡಬ್ಬ, ಸ್ವಲ್ಪ ಮರಳು ಇದ್ದರೆ ಹೈಸ್ಕೂಲು ಹುಡುಗರು ಇದರ ತತ್ವವನ್ನು ನಡೆಸಿ ತೋರಿಸಬಲ್ಲರು. ಅದೇ ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆ ಬಿಟ್ಟ ನೀರೇ ತಿ. ನರಸೀಪುರದ ಸಂಗಮಕ್ಕೆ ಬಂದು ಕಪಿಲೆಯನ್ನು ಕೂಡುತ್ತದೆ. ಊರ ಮುಂದೆ ಹರಿಯುವ ಹೊಳೆಗೂ ಪಟದೊಳಗಿನ ಪೇಟದ ಅಜ್ಜನಿಗೂ ಇರುವ ನಂಟು ಮಗುವಿಗೆ ಹೀಗೆ ಸಿಕ್ಕಬೇಕು.

ಹೊರದೇಶಗಳಲ್ಲೂ ಇಂಥ ದಿನಗಳಿವೆ. ಅಮೆರಿಕದಲ್ಲಿ 1951ರಿಂದ ಪ್ರತಿ ಫೆಬ್ರುವರಿಯಲ್ಲಿ ಎಂಜಿನಿಯರುಗಳ ವಾರ ನಡೆಯುತ್ತಿದೆ. ಯುನೆಸ್ಕೊ 2020ರಿಂದ ಮಾರ್ಚ್ 4ನ್ನು ವಿಶ್ವ ಎಂಜಿನಿಯರಿಂಗ್ ದಿನ ಎಂದು ಆಚರಿಸುತ್ತಿದೆ. ದಿನಾಂಕಗಳಿಗೆ ನಮ್ಮಲ್ಲೂ ಬರವಿಲ್ಲ: ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ, ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ಆ ದಿನ ಮಗುವಿನ ಕೈಯಲ್ಲಿ ಏನಿರುತ್ತದೆ ಎಂಬುದು ಮುಖ್ಯ.

ಜಾತ್ರೆಗೆ ಗೊತ್ತಿರುವ ವಿದ್ಯೆ

ಜನರನ್ನು ಸೇರಿಸುವುದು, ನಿಲ್ಲಿಸುವುದು, ನೋಡಿಸುವುದು ಜಾತ್ರೆಗಳಿಗೆ ತಾನಾಗಿ ಬಂದ ವಿದ್ಯೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಇದನ್ನು ಚೆನ್ನಾಗಿ ಬಳಸಿಕೊಂಡಿದೆ. ಪುಷ್ಯ ಮಾಸದಲ್ಲಿ, ಜನವರಿ–ಫೆಬ್ರುವರಿ ಹೊತ್ತಿಗೆ, ಕಪಿಲಾ ತೀರದ ಈ ಊರಿನಲ್ಲಿ ನಡೆಯುವ ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆಯಲ್ಲಿ ತೇರು, ಕುಸ್ತಿ, ದನಗಳ ಪರಿಷೆ, ಸಾಮೂಹಿಕ ವಿವಾಹಗಳ ಜೊತೆಗೆ ಕೃಷಿ ಮೇಳವೂ ವಸ್ತುಪ್ರದರ್ಶನವೂ ಇವೆ. 1954ರಲ್ಲಿ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ ಸ್ಥಾಪಿಸಿದ ಜೆಎಸ್ಎಸ್ ಮಹಾವಿದ್ಯಾಪೀಠದ ಸಂಸ್ಥೆಗಳು ಇಲ್ಲಿ ಕೈಜೋಡಿಸುತ್ತವೆ. ಶಾಲಾ ಮಕ್ಕಳ ವಿಜ್ಞಾನ ಮಾದರಿಗಳ ಮುಂದೆ ದನ ಮಾರಲು ಬಂದ ರೈತನೂ ಮೊಮ್ಮಗಳ ಕೈಹಿಡಿದ ಅಜ್ಜಿಯೂ ನಿಲ್ಲುತ್ತಾರೆ.

ಪಟ್ಟಣದ ಕಾಲೇಜಿನ ಸಭಾಂಗಣದಲ್ಲಿ ನಡೆಯುವ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ನೋಡುವವರು ತೀರ್ಪುಗಾರರು. ಮಗು ಬಾಯಿಪಾಠ ಒಪ್ಪಿಸುತ್ತದೆ. ಜಾತ್ರೆಯಲ್ಲಿ ನೋಡುವವನು ಹನಿ ನೀರಾವರಿ ಪೈಪನ್ನು ತಾನೇ ಎಳೆದು ಹಾಕಿದವನು. ‘ಮಗಾ, ಈ ತೂತು ಕಟ್ಕೊಂಡ್ರೆ ಏನ್ ಮಾಡ್ತೀಯ?’ ಎಂದು ಅವನು ಕೇಳಿದರೆ ಬಾಯಿಪಾಠಕ್ಕೆ ಉಳಿಗಾಲವಿಲ್ಲ. ಮಗು ಯೋಚಿಸಲೇಬೇಕು. ಎಂಜಿನಿಯರಿಂಗ್ ಶುರುವಾಗುವುದು ಆ ಕ್ಷಣದಲ್ಲಿ.

ಇನ್ನು ನಂಜನಗೂಡಿನ ದೊಡ್ಡ ಜಾತ್ರೆ. ಪಂಚ ಮಹಾರಥೋತ್ಸವದಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರು. ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥ ಎಲ್ಲಕ್ಕಿಂತ ದೊಡ್ಡದು. ಎಲ್ಲರ ಕಣ್ಣೂ ಕಳಶದ ಮೇಲೆ, ಬಾಳೆಹಣ್ಣು ಜವನ ಎಸೆಯುವ ಕೈಗಳ ಮೇಲೆ. ವಿಜ್ಞಾನದ ಮೇಷ್ಟ್ರು ಮಕ್ಕಳ ಕಣ್ಣನ್ನು ಚಕ್ರದ ಬುಡಕ್ಕೆ ಇಳಿಸಬೇಕು. ಅಲ್ಲಿ ಮರದ ತುಂಡು ಹಿಡಿದವರಿರುತ್ತಾರೆ. ತೇರಿಗೆ ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಯಾವ ಚಕ್ರಕ್ಕೆ, ಯಾವ ಓರೆಯಲ್ಲಿ, ಯಾವ ಗಳಿಗೆಯಲ್ಲಿ ತುಂಡು ಕೊಟ್ಟರೆ ತೇರು ಎತ್ತ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ಅವರ ಅಂಗೈಯಲ್ಲಿದೆ. ನಿಂತ ತೇರನ್ನು ಮೊದಲ ಸಲ ಕದಲಿಸಲು ಬೇಕಾಗುವ ಬಲ, ಕದಲಿದ ಮೇಲೆ ಎಳೆಯಲು ಬೇಕಾಗುವ ಬಲಕ್ಕಿಂತ ಹೆಚ್ಚು. ಹಗ್ಗ ಹಿಡಿದ ಪ್ರತಿ ಭಕ್ತನ ತೋಳಿಗೆ ಇದು ಗೊತ್ತು. ಒಂಬತ್ತನೇ ತರಗತಿಯ ಘರ್ಷಣೆ, ಜಡತ್ವದ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕೆ? ಜಾತ್ರೆಯ ವಾರದಲ್ಲಿ ತಾಲ್ಲೂಕಿನ ಶಾಲೆಗಳಿಗೆ ತೇರು ಕಟ್ಟುವವರಿಂದ, ತುಂಡು ಕೊಡುವವರಿಂದ ಒಂದು ಗಂಟೆಯ ಮಾತು ಕೊಡಿಸುವುದಕ್ಕೆ ಖರ್ಚೂ ಇಲ್ಲ.

ಊರನ್ನೇ ಪ್ರಶ್ನೆಪತ್ರಿಕೆ ಮಾಡಿದಾಗ

ಮಕ್ಕಳ ಕೈಗೆ ಕೆಲಸ ಕೊಡುವ ಪ್ರಯತ್ನ ರಾಜ್ಯದಲ್ಲಿ ಹೊಸದಲ್ಲ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಪತ್ರಿಕೆಯ ಮೂಲಕ ಹಳ್ಳಿ ಶಾಲೆಗಳ ಕಪಾಟು ತಲುಪಿತು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮದೇ ಊರಿನ ಒಂದು ಸಮಸ್ಯೆ ಹಿಡಿದು, ಅಳತೆ ಮಾಡಿ, ಕಂಡದ್ದನ್ನು ಬರೆದು ಮಂಡಿಸಬೇಕು. ತಮ್ಮ ಭಾಷೆಯಲ್ಲೇ ಮಂಡಿಸಬಹುದು. 2023ರ ಆರಂಭದಲ್ಲಿ ಸರ್ಕಾರಿ ಶಾಲೆಗಳ ಕ್ಲಸ್ಟರುಗಳಲ್ಲಿ ನಡೆದ ಕಲಿಕಾ ಹಬ್ಬದಲ್ಲಿ ‘ಊರು ತಿಳಿಯೋಣ’ ಎಂಬುದೇ ಒಂದು ವಿಭಾಗ. ಕೇಂದ್ರದ ಇನ್‌ಸ್ಪೈರ್–ಮಾನಕ್ ಯೋಜನೆ ಮಗುವಿನ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಕೊಡುತ್ತದೆ. ದಾರಿಗಳಿವೆ. ದಾರಿಯ ತುದಿಯಲ್ಲಿ ಒಳ್ಳೆಯ ಪ್ರಶ್ನೆ ಇರಬೇಕು.

ತಿ. ನರಸೀಪುರ ತಾಲ್ಲೂಕಿಗೆ ಪ್ರಶ್ನೆಗಳ ಕೊರತೆಯೇ ಇಲ್ಲ. ತಲಕಾಡನ್ನೇ ತೆಗೆದುಕೊಳ್ಳಿ. ‘ತಲಕಾಡು ಮರಳಾಗಲಿ’ ಎಂಬ ಅಲಮೇಲಮ್ಮನ ಶಾಪ ಇಲ್ಲಿನ ಮಗುವಿಗೆ ಅಕ್ಷರ ಬರುವ ಮೊದಲೇ ಗೊತ್ತು. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ತಲಕಾಡು ಮರಳಾದದ್ದಕ್ಕೆ ಇನ್ನೊಂದು ಕಾರಣ ಮುಂದಿಟ್ಟರು. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವ ಮಂತ್ರಿ ಕಾವೇರಿಗೆ ಅಣೆಕಟ್ಟು ಕಟ್ಟಿಸಿದ. ನೀರು ತಡೆದದ್ದರಿಂದ ಹೊಳೆಯ ಪಾತ್ರದ ಮರಳು ಬಯಲಿಗೆ ಬಿದ್ದು ಒಣಗಿತು. ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಎಂಬುದು ಅವರ ವಾದದ ತಿರುಳು.

ಈ ವಾದವನ್ನು ನಂಬಿ ಎಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ಅದರ ಒಂದು ಕೊಂಡಿಯನ್ನು ಪರೀಕ್ಷಿಸಿ ಎಂದರೆ ಸಾಕು. ಒಂದು ತಟ್ಟೆಯಲ್ಲಿ ಒಣ ಮರಳು, ಇನ್ನೊಂದರಲ್ಲಿ ಒದ್ದೆ ಮರಳು, ಮೂರನೆಯದರಲ್ಲಿ ಹುಲ್ಲು ನೆಟ್ಟ ಮರಳು. ಮೂರರ ಮುಂದೆಯೂ ಒಂದೇ ದೂರದಲ್ಲಿ ಟೇಬಲ್ ಫ್ಯಾನು. ಹತ್ತು ನಿಮಿಷಕ್ಕೆ ಯಾವ ತಟ್ಟೆಯಿಂದ ಎಷ್ಟು ಗ್ರಾಂ ಹಾರಿತು? ಅಂಗಡಿಯ ತಕ್ಕಡಿ ಇದ್ದರೆ ಲೆಕ್ಕ ಸಿಕ್ಕಿತು. ಅಣೆಕಟ್ಟು ಕಟ್ಟುವ ಎಂಜಿನಿಯರು ನೀರನ್ನಷ್ಟೇ ಅಲ್ಲ, ಮರಳನ್ನೂ ಗಾಳಿಯನ್ನೂ ಯೋಚಿಸಬೇಕು ಎಂಬ ಪಾಠವೂ ಅದರೊಳಗೇ ಬಂತು. ತನ್ನ ಊರಿನ ಶಾಪವನ್ನು ಫ್ಯಾನಿನ ಮುಂದಿಟ್ಟು ನೋಡಿದ ಮಗು ಮುಂದೆ ಯಾವ ಮಾತನ್ನೂ ಸುಮ್ಮನೆ ಒಪ್ಪುವುದಿಲ್ಲ.

ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಗಣಿತವೇ ಕಲ್ಲಾಗಿ ನಿಂತಿದೆ. 13ನೇ ಶತಮಾನದ ಕೇಶವ ದೇವಾಲಯ, 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಇಪ್ಪತ್ತೆರಡೂವರೆ ಡಿಗ್ರಿಯಷ್ಟು ತಿರುಗಿಸುತ್ತ ನಾಲ್ಕು ಸಲ ಬರೆದರೆ ಕಾಗದದ ಮೇಲೆ ಅಂಥ ನಕ್ಷತ್ರ ಮೂಡುತ್ತದೆ. ಒಳಗಿನ 16 ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಚಾವಣಿಗಳಲ್ಲಿ, ಒಂದರಂತೆ ಇನ್ನೊಂದಿಲ್ಲ. ಈ ಗುಡಿಯ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು. ಅದಕ್ಕೇ ಕಂಬಗಳನ್ನು ಕಡೆಯಲು ಆಯಿತು. ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಕೆಲಸದ ಬುಡದಲ್ಲಿ ಹೆಸರು ಕೊರೆದುಕೊಂಡರು. ಕೈವಾರ, ಕೋನಮಾಪಕ ಹಿಡಿದ ಮಕ್ಕಳು ಇಲ್ಲಿ ಅರ್ಧ ದಿನ ಕಳೆದರೆ ಜ್ಯಾಮಿತಿಯ ಭಯ ಕಳೆಯುತ್ತದೆ.

ರಸಮಟ್ಟ, ತೂಗುಗುಂಡು, ವೈಂಡಿಂಗ್ ಅಂಗಡಿ

ಮೇಳಗಳಿಗೆ ಅತಿಥಿಗಳಾಗಿ ಬರುವವರು ಸಾಮಾನ್ಯವಾಗಿ ಪದವಿಯುಳ್ಳವರು. ಎಂಜಿನಿಯರಿಂಗ್ ಅನ್ನು ಬದುಕುವವರು ಊರಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಪಾಯ ಹಾಕುವ ಮೇಸ್ತ್ರಿ ಮೂಲೆ ಸರಿಯಿದೆಯೇ ಎಂದು ನೋಡಲು ದಾರದಲ್ಲಿ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಓರೆಗೆ 5 ಅಡಿ ಬರುತ್ತದೆಯೇ ಎಂದು ಅಳೆಯುತ್ತಾನೆ. ಅದು ಪೈಥಾಗೊರಸನ ಪ್ರಮೇಯ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಹಿಡಿದು ಇಡೀ ಮನೆಯ ಮಟ್ಟ ತೆಗೆಯುತ್ತಾನೆ. ಅದು ದ್ರವದ ಒತ್ತಡದ ಪಾಠ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಹೇಳುತ್ತದೆ, ಅಡ್ಡಮಟ್ಟವನ್ನು ರಸಮಟ್ಟ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ, ಹಳೆಯ ತಂತಿಯ ಸುತ್ತು ಎಣಿಸಿ, ಹೊಸದಾಗಿ ಸುತ್ತುವ ವೈಂಡಿಂಗ್ ಅಂಗಡಿಯವರು ವಿದ್ಯುತ್ಕಾಂತದ ಪಾಠವನ್ನು ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಇವರಿಗೆ ಮೇಳದಲ್ಲಿ ಮಳಿಗೆ ಕೊಟ್ಟರೆ ಮಕ್ಕಳು ಕಲಿಯುತ್ತಾರೆ. ಜೊತೆಗೆ ಆ ಮಕ್ಕಳಲ್ಲಿ ಹಲವರ ಅಪ್ಪಂದಿರೂ ಇಂಥ ಕೆಲಸದವರೇ. ತಮ್ಮ ಮನೆಯ ಕಸುಬು ವಿಜ್ಞಾನದ ವೇದಿಕೆ ಹತ್ತಿದ್ದನ್ನು ಅವರು ನೋಡುತ್ತಾರೆ.

ಇನ್ನೊಂದು ತುದಿಯಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಎಟಿ ಅಂಡ್ ಎಸ್ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಸರ್ಕಿಟ್ ಬೋರ್ಡುಗಳು ತಯಾರಾಗುತ್ತವೆ, ನೆಸ್ಲೆಯಲ್ಲಿ ಕಾಫಿ ಪುಡಿ. ಸುತ್ತಲಿನ ಹಳ್ಳಿಯ ಮಕ್ಕಳಿಗೆ ಕಾಣುವುದು ಗೇಟು, ಕಾಂಪೌಂಡು, ಪಾಳಿಯ ಬಸ್ಸು ಮಾತ್ರ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಸೆಪ್ಟೆಂಬರಿನ ಸಿಎಸ್‌ಐಆರ್ ಸಂಸ್ಥಾಪನಾ ದಿನದ ನೆಪದಲ್ಲಿ ಸಾರ್ವಜನಿಕರನ್ನೂ ಶಾಲಾ ಮಕ್ಕಳನ್ನೂ ಒಳಗೆ ಬಿಟ್ಟುಕೊಳ್ಳುವ ರೂಢಿಯಿದೆ. ವರ್ಷಕ್ಕೊಂದು ದಿನ ಕೈಗಾರಿಕಾ ಪ್ರದೇಶವೂ ಹಾಗೆ ಬಾಗಿಲು ತೆರೆದರೆ, ‘ಇಲ್ಲಿ ಒಳಗೆ ಏನು ಮಾಡ್ತಾರೆ?’ ಎಂಬ ಹಳ್ಳಿ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಂಜನಗೂಡಿನ ವಕೀಲರ ಮಗಳು

ಹುಡುಗಿ ಎಂದಾಗ ಒಂದು ಹೆಸರನ್ನು ಈ ಊರು ಇನ್ನೂ ಗಟ್ಟಿಯಾಗಿ ಹೇಳಬೇಕು: ರಾಜೇಶ್ವರಿ ಚಟರ್ಜಿ. ಇವರು ಹುಟ್ಟಿದ್ದು 1922ರಲ್ಲಿ. ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ಓದಿಗಾಗಿ ದುಡಿದವರು. ಶಾಲೆ ಮುಗಿದಾಗ ಇತಿಹಾಸದತ್ತ ಮನಸ್ಸು ವಾಲಿದ್ದ ರಾಜೇಶ್ವರಿ ಗಣಿತ ಹಿಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದರು. ಮೈಕ್ರೋವೇವ್, ಆಂಟೆನಾ ಕ್ಷೇತ್ರದಲ್ಲಿ ಸಂಶೋಧನೆ ಮಾಡಿದರು, ಅದನ್ನೇ ಪಾಠ ಹೇಳಿದರು, ತಮ್ಮ ವಿಭಾಗದ ಮುಖ್ಯಸ್ಥರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ತೀರಿಕೊಂಡದ್ದು 2010ರಲ್ಲಿ.

ನಂಜನಗೂಡು ಎಂದರೆ ರಸಬಾಳೆ, ಹಲ್ಲುಪುಡಿ, ನಂಜುಂಡ ಎನ್ನುವ ಮಕ್ಕಳ ಪಟ್ಟಿಗೆ ಈ ಹೆಸರೂ ಸೇರಲಿ. ಸೆಪ್ಟೆಂಬರ್ 15ರ ವೇದಿಕೆಯಲ್ಲಿ ವಿಶ್ವೇಶ್ವರಯ್ಯನವರ ಪಕ್ಕ ಇನ್ನೊಂದು ಪಟಕ್ಕೆ ಜಾಗವಿದೆ.

ಮಾದರಿ ಮುರಿಯಲಿ

ನಮ್ಮ ಬಹುಪಾಲು ವಿಜ್ಞಾನ ಪ್ರದರ್ಶನಗಳ ದೊಡ್ಡ ಕೊರತೆ, ಅಲ್ಲಿ ಯಾವುದೂ ಕೆಡುವುದಿಲ್ಲ. ಥರ್ಮಾಕೋಲ್ ಜ್ವಾಲಾಮುಖಿ ಪ್ರತಿ ವರ್ಷ ಸರಿಯಾಗಿ ಉಕ್ಕುತ್ತದೆ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿಗಳು ಸಿಗುತ್ತವೆ. ಉಳಿದದ್ದನ್ನು ಮನೆಯಲ್ಲಿ ದೊಡ್ಡವರು ರಾತ್ರಿ ಕೂತು ಅಂಟಿಸುತ್ತಾರೆ. ಬಹುಮಾನ ಬಣ್ಣಕ್ಕೆ ಬರುತ್ತದೆ.

ಬದಲಿಗೆ ಒಂದು ಸ್ಪರ್ಧೆ ಹೀಗಿರಲಿ. ಪ್ರತಿ ತಂಡಕ್ಕೂ ನೂರು ಐಸ್‌ಕ್ಯಾಂಡಿ ಕಡ್ಡಿ, ಒಂದು ಡಬ್ಬಿ ಗೋಂದು, ದಾರ. ಎರಡು ಮೇಜಿನ ನಡುವೆ ಅರ್ಧ ಮೀಟರ್ ಅಂತರ. ಸ್ಥಳದಲ್ಲೇ ಸೇತುವೆ ಕಟ್ಟಿ, ಮಾರನೆಯ ದಿನ ಎಲ್ಲರೆದುರು ಅದರ ನಡುವಿಗೆ ಬಕೆಟ್ ತೂಗುಹಾಕಿ, ಮುರಿಯುವವರೆಗೆ ಮರಳು ಸುರಿಯಬೇಕು. ಸೇತುವೆ ತನ್ನ ತೂಕದ ಎಷ್ಟು ಪಟ್ಟು ಹೊತ್ತಿತು ಎಂಬುದಕ್ಕೆ ಅರ್ಧ ಅಂಕ. ಉಳಿದರ್ಧ ಮೂರು ಪ್ರಶ್ನೆಗಳಿಗೆ: ಮೊದಲು ಎಲ್ಲಿ ಬಿರಿಯಿತು? ಯಾಕೆ ಅಲ್ಲೇ? ಇನ್ನೊಮ್ಮೆ ಕಟ್ಟಿದರೆ ಏನು ಬದಲಿಸುತ್ತೀರಿ? ಮುರಿದ ಸೇತುವೆಯ ಮುಂದೆ ನಿಂತು ಕಾರಣ ಹೇಳಬಲ್ಲ ಹುಡುಗಿ, ಮುರಿಯದ ಮಾದರಿಯ ಮುಂದೆ ಬಾಯಿಪಾಠ ಒಪ್ಪಿಸುವ ಹುಡುಗನಿಗಿಂತ ಎಂಜಿನಿಯರಿಂಗಿಗೆ ಒಂದು ಹೆಜ್ಜೆ ಹತ್ತಿರ.

ಮಾಡಿ ನೋಡಿ: ಕಾಲುವೆಯ ನೀರೆಷ್ಟು?

ತಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗ ಕಬಿನಿಯ, ಅಂದರೆ ಇದೇ ಕಪಿಲೆಯ, ಹರಿವನ್ನು ಅಳೆಯುತ್ತದೆ. ಅದೇ ಲೆಕ್ಕವನ್ನು ಗದ್ದೆಯ ಸಣ್ಣ ಕಾಲುವೆಯಲ್ಲಿ ಮಕ್ಕಳೂ ಮಾಡಬಹುದು. ದೊಡ್ಡ ನಾಲೆ, ಹೊಳೆ ಬೇಡ, ಜೊತೆಯಲ್ಲಿ ದೊಡ್ಡವರಿರಲಿ.

ದಡದ ಮೇಲೆ 10 ಮೀಟರ್ ಅಳೆದು ಎರಡು ಕಡ್ಡಿ ನೆಡಿ. ಮೇಲಿನ ಕಡ್ಡಿಯ ಬಳಿ ಒಂದು ಕಿತ್ತಳೆ ಹಣ್ಣು ಬಿಟ್ಟು, ಕೆಳಗಿನ ಕಡ್ಡಿ ತಲುಪಲು ಎಷ್ಟು ಸೆಕೆಂಡ್ ಎಂದು ನೋಡಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. 20 ಸೆಕೆಂಡ್ ಬಂತೆನ್ನಿ. ವೇಗ ಸೆಕೆಂಡಿಗೆ 0.5 ಮೀಟರ್. ತಳ, ಬದಿಗಳಲ್ಲಿ ನೀರು ನಿಧಾನವಾದ್ದರಿಂದ ಇದನ್ನು 0.85ರಿಂದ ಗುಣಿಸಿ: 0.425. ಕಾಲುವೆ 1 ಮೀಟರ್ ಅಗಲ, 0.4 ಮೀಟರ್ ಆಳವಿದ್ದರೆ ಹರಿವು ಸೆಕೆಂಡಿಗೆ 0.17 ಘನ ಮೀಟರ್, ಅಂದರೆ 170 ಲೀಟರ್, ಸುಮಾರು 6 ಕ್ಯೂಸೆಕ್. ಮಳೆಗಾಲದ ಪತ್ರಿಕೆಗಳಲ್ಲಿ ಕಬಿನಿಯ ಹೊರಹರಿವು ಸಾವಿರಾರು ಕ್ಯೂಸೆಕ್ ಎಂದು ಓದುವಾಗ ಆ ಅಂಕಿಯ ಗಾತ್ರ ಮಕ್ಕಳಿಗೆ ಕಣ್ಣಿಗೆ ಕಟ್ಟುತ್ತದೆ.

ಶಾಲಿನ ದುಡ್ಡಿನಲ್ಲಿ ಒಂದು ಪಾಲು

ಇದಕ್ಕೆಲ್ಲ ಹೊಸ ಯೋಜನೆ, ಹೊಸ ಸಮಿತಿ ಬೇಕಾಗಿಲ್ಲ. ದಿನಾಂಕಗಳು ಕ್ಯಾಲೆಂಡರಿನಲ್ಲಿವೆ, ಜಾತ್ರೆಗಳು ಜನರನ್ನು ತರುತ್ತಿವೆ, ಮೇಸ್ತ್ರಿಗಳು ಊರಿನಲ್ಲೇ ಇದ್ದಾರೆ. ಸೆಪ್ಟೆಂಬರ್ 15ರ ಸನ್ಮಾನದ ಖರ್ಚಿನಲ್ಲಿ ಒಂದು ಪಾಲನ್ನು ಕಡ್ಡಿ, ಗೋಂದು, ತಕ್ಕಡಿಗೆ ತೆಗೆದಿಟ್ಟರೆ ತಾಲ್ಲೂಕಿನ ಹತ್ತಾರು ಶಾಲೆಗಳಿಗೆ ಸಾಕಾಗುತ್ತದೆ. ಸನ್ಮಾನಿತರಾಗಿ ಬರುವ ನಿವೃತ್ತ ಎಂಜಿನಿಯರುಗಳು ಭಾಷಣದ ಹೊತ್ತನ್ನು ಮಕ್ಕಳ ಮೇಜಿನ ಪಕ್ಕ ಕಳೆದರೆ ಅವರ ಮೂವತ್ತು ವರ್ಷದ ಅನುಭವ ನಿಜವಾಗಿ ಕೈ ಬದಲಾಯಿಸುತ್ತದೆ. ಸೇತುವೆ ಎಲ್ಲಿ ಬಿರಿಯಿತು ಎಂದು ಮಗು ತೋರಿಸಿದಾಗ, ಕೆಲಸದಲ್ಲಿ ತಾವು ಕಂಡ ಇಂಥದ್ದೇ ಒಂದು ಬಿರುಕಿನ ಕಥೆಯನ್ನು ಅವರಷ್ಟು ಚೆನ್ನಾಗಿ ಇನ್ಯಾರು ಹೇಳಬಲ್ಲರು? ಹಾರ ಹಾಕುವುದನ್ನು ಬಿಡಬೇಕಿಲ್ಲ. ಹಾರ ಹಾಕಿದ ಮೇಲೆ ಮೈಕು ಆಫ್ ಮಾಡಿ, ಮರಳಿನ ಬಕೆಟ್ ಒಳಗೆ ತರಿಸಿದರಾಯಿತು.